ನಾನು ಓದದೆ ಬಿಟ್ಟ ಹಾಳೆ

ಮೊನ್ನೆ ಮಗಳ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಅವಳಿಗೆ ರಾಣಿಯ ವೇಷ ಇತ್ತು. ಮನೆಗೆ ಬಂದ ಮೇಲೆ ಮುಖದ ಬಣ್ಣ ತೆಗೆಯಲು ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಅವಳ ಕೆನ್ನೆಗೆ ತಿಕ್ಕಿದೆ. ಎಣ್ಣೆ, ಬಣ್ಣ, ಬೆವರು ಮೂರೂ ಕೂಡಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ಅಲ್ಲಿಯೇ ನಿಂತಿತು. "ಯವ್ವಾ, ಕಣ್ಣಾಗ ಎಣ್ಣಿ ಹೋತು!" ಅಂತ ಮಗಳು ಚೀರಿದಳು. ನನ್ನ ಕಣ್ಣಲ್ಲೂ ನೀರಿತ್ತು, ಅದಕ್ಕೆ ಎಣ್ಣೆ ಕಾರಣವಲ್ಲ. ಎದುರು ಮನೆಯ ಕಾಕು ನೆನಪಾಗಿದ್ದಳು.

ಬೈಲಹೊಂಗಲದ ನಮ್ಮ ಓಣಿಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ. ಅಂಗಡಿ ಅಂದರೆ ಮನೆಯ ಪಡಸಾಲೆಯೇ, ಒಂದು ಮಷಿನ್ನು, ಒಂದು ಬೆಂಚು. ಎದುರಿನ ಒಂದೇ ಕೋಣೆಯ ಮನೆಗೆ ಕಾಕು ಬಾಡಿಗೆಗೆ ಬಂದಾಗ ನನ್ನ ಮದುವೆಯಾಗಿ ಎರಡು ವರ್ಷವಾಗಿತ್ತು. ಒಂದು ತಗಡಿನ ಟ್ರಂಕು, ಒಂದು ಕನ್ನಡಿ, ಒಂದು ಹಾಸಿಗೆಯ ಸುರುಳಿ, ಅಷ್ಟೇ ಅವಳ ಸಾಮಾನು. ನಾಟಕದಾಕಿ ಬಂದಾಳಂತೆ ಅಂತ ಓಣಿಯವರು ಎರಡು ದಿನ ಬಾಗಿಲ ಸಂದಿಯಿಂದ ನೋಡಿದರು, ಮೂರನೆಯ ದಿನ ಅವಳ ಕೈಯ ಚಹಾ ಕುಡಿದರು. ಐವತ್ತು ದಾಟಿದ ಹೆಂಗಸು. ನಾಟಕ ಕಂಪನಿಯಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಕಂಪನಿ ಮುಚ್ಚಿದ ಮೇಲೆ ಹಳ್ಳಿ ನಾಟಕಗಳಿಗೆ ಪಾತ್ರ ಮಾಡಲು ಹೋಗುತ್ತಿದ್ದಳು.

ನಮ್ಮ ಕಡೆ ಹಳ್ಳಿಯ ನಾಟಕದಲ್ಲಿ ಗಂಡಿನ ಪಾತ್ರಗಳೆಲ್ಲ ಊರವರವು. ಅವರು ಎರಡು ಮೂರು ತಿಂಗಳು ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರ ಎದುರು ತಾಲೀಮು ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನ ನಟಿಯರು. ಅವರು ನಾಟಕದ ದಿನ ಮಧ್ಯಾಹ್ನದ ಬಸ್ಸಿಗೆ ಬಂದಿಳಿದು, ಮೊದಲೇ ಕಳಿಸಿದ ಪುಸ್ತಕದಿಂದ ಕಲಿತದ್ದನ್ನು ಸಂಜೆ ನೇರ ಸ್ಟೇಜಿನ ಮೇಲೆ ಹೇಳಬೇಕು. ಒಂದು ಮಾತು ತಪ್ಪಿದರೆ ಊರವರ ಮೂರು ತಿಂಗಳ ಶ್ರಮ ಮಣ್ಣುಪಾಲು. ಕಾಕು ಸಂಗೊಳ್ಳಿಯಲ್ಲಿ ತಾಯಿ, ಸಂಪಗಾಂವದಲ್ಲಿ ಮಲತಾಯಿ, ಸಿರಸಂಗಿಯಲ್ಲಿ ಗೌಡತಿ. ಎಲ್ಲಿಯೂ ಒಂದಕ್ಷರ ತಪ್ಪಿದವಳಲ್ಲ ಅಂತ ಹೆಸರಿತ್ತು.

ಬಂದ ಹೊಸತರಲ್ಲಿ ಒಂದು ನಾಟಕದ ಪುಸ್ತಕ ಹಿಡಿದುಕೊಂಡು ಅಂಗಡಿಗೆ ಬಂದಳು.

"ಚಷ್ಮಾ ಒಡದೈತಿ ತಂಗಿ. ಒಂದೀಟು ಓದಿ ಹೇಳ್ತಿಯೇನ?"

ಓದಿದೆ. ಮುಂದಿನ ವಾರವೂ ಚಷ್ಮಾ ಒಡೆದೇ ಇತ್ತು. ಆರು ತಿಂಗಳಾದರೂ ಅದಕ್ಕೆ ರಿಪೇರಿಯ ಭಾಗ್ಯ ಬರಲಿಲ್ಲ. ಒಂದು ದಿನ ಮೋಡ ಕವಿದು ಪಡಸಾಲೆ ಮಬ್ಬಾಗಿತ್ತು, ನಾನು ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದೆ. ಕಾಕು ಸೂಜಿ ಕಸಿದುಕೊಂಡು ಒಂದೇ ಸಲಕ್ಕೆ ಪೋಣಿಸಿ ಕೊಟ್ಟಳು. ಕೊಟ್ಟ ಮೇಲೆ ಇಬ್ಬರಿಗೂ ಹೊಳೆಯಿತು.

"ನಾಕ ವರ್ಷದಾಕಿ ಇದ್ದಾಗ ಬಣ್ಣ ಹಚ್ಚೀನಿ," ಅಂದಳು ಕಾಕು. "ಸಾಲಿ ಯಾವಾಗ ಕಲೀಲಿ ತಂಗಿ? ಯಾರ ಮುಂದೂ ಅನಬ್ಯಾಡ. ಈಕಿಗೆ ಓದಾಕ ಬರಂಗಿಲ್ಲಂತ ಗೊತ್ತಾದ್ರ ಪುಸ್ತಕ ಕಳಸೂದ ಬಿಡತಾರ. ಪಾತ್ರ ಬಿಟ್ಟು ನನಗ ಬ್ಯಾರೆ ಏನೂ ಬರಂಗಿಲ್ಲ."

ಯಾರ ಮುಂದೂ ಅನ್ನಲಿಲ್ಲ, ನನ್ನ ಗಂಡನ ಮುಂದೆ ಸಹ. ಅಂದಿನಿಂದ ಚಷ್ಮಾದ ಮಾತು ನಿಂತಿತು, ಓದು ನಡೆಯಿತು. ನಾನು ಮಷಿನ್ ನಿಲ್ಲಿಸಿ ಓದುವುದು, ಅವಳು ನನ್ನ ಬ್ಲೌಸುಗಳಿಗೆ ಹುಕ್ಕು ಹಚ್ಚುತ್ತ ಕೇಳುವುದು. ಮೊದಲ ಸಲ ಇಡೀ ನಾಟಕ ಓದಬೇಕು. ಎರಡನೆಯ ಸಲ ಎದುರಿನವರ ಮಾತಿನ ಕೊನೆಯ ಎರಡು ಶಬ್ದ ಮಾತ್ರ ನನ್ನದು, ಉಳಿದದ್ದು ಅವಳದು. ಮೂರನೆಯ ಸಲ ಅಂತ ಇರುತ್ತಿರಲೇ ಇಲ್ಲ. ಹತ್ತನೆಯ ತರಗತಿಗೆ ಓದು ನಿಲ್ಲಿಸಿದ ನಾನು ಅಕ್ಷರ ಬಲ್ಲವಳೆಂಬ ಸೊಕ್ಕಿನಿಂದ ಓದುತ್ತಿದ್ದೆ, ಅವಳು ಅದೇ ಮಾತನ್ನು ತಿರುಗಿ ಹೇಳಿದಾಗ ನನ್ನ ಮೈಮೇಲೆ ಮುಳ್ಳೇಳುತ್ತಿದ್ದವು.

ಹೀಗೇ ಏಳೆಂಟು ವರ್ಷ ಹೋದವು. ಬರಬರುತ್ತ ಹಳ್ಳಿಗಳಿಂದ ಕರೆ ಕಡಿಮೆಯಾಯಿತು. ಕಾಕುವಿಗೆ ಮೊಣಕಾಲು ನೋವು, ಕುಣಿತ ಆಗದು, ನಾಟಕದವರಿಗೆ ಕುಣಿಯುವವರೇ ಬೇಕು. ಒಂದೊಂದು ತಿಂಗಳು ಟ್ರಂಕು ತೆರೆಯುತ್ತಲೇ ಇರಲಿಲ್ಲ. ಅಂಥದರಲ್ಲಿ ಸವದತ್ತಿಯಲ್ಲಿ ಅವಳ ತಾಯಿ ಪಾತ್ರ ನೋಡಿದವರೊಬ್ಬರು ಟಿವಿ ಧಾರಾವಾಹಿಗೆ ಕರೆದರು. ನಮ್ಮ ಕಡೆ ಮಾತಾಡುವ ಅಜ್ಜಿ ಬೇಕಾಗಿತ್ತಂತೆ. ಕಿತ್ತೂರಿನ ಹತ್ತಿರ ಹಳೆಯ ವಾಡೆಯೊಂದನ್ನು ಹಿಡಿದು ಶೂಟಿಂಗ್ ಇಟ್ಟಿದ್ದರು.

ಅಲ್ಲಿ ಪುಸ್ತಕವಿಲ್ಲ. ಅವತ್ತಿನ ಹಾಳೆ ಅವತ್ತು ಬೆಳಿಗ್ಗೆ ಕೈಗೆ ಬರುತ್ತದೆ. ಮೊದಲ ದಿನ ಕಾಕು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನನಗೆ ಫೋನ್ ಮಾಡಿ ಅತ್ತಳು. ಆಮೇಲೆ ದಾರಿ ಹುಡುಕಿದೆವು. ಹಾಳೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುವುದನ್ನು ನಾನೇ ಕಲಿಸಿದೆ. ನಾನು ಓದಿ ಧ್ವನಿ ಕಳಿಸಿದರೆ ಅವಳು ಫೋನು ಕಿವಿಗೆ ಹಚ್ಚಿ, ಯಾರ ಜೊತೆಗೋ ಮಾತಾಡುವವಳ ಹಾಗೆ "ಹೂಂ, ಹೂಂ" ಅನ್ನುತ್ತ ಕೇಳುತ್ತಿದ್ದಳು. ಯಾರ ಫೋನು ಅಂತ ಕೇಳಿದವರಿಗೆ ಮಗಳದು ಅಂದಿದ್ದಳು. ಏಳು ತಿಂಗಳು ಹೀಗೆ ದಬ್ಬಿದೆವು. ಅಜ್ಜಿ ಕರ್ನಾಟಕಕ್ಕೆಲ್ಲ ಪರಿಚಯವಾದಳು. ಬಸ್ಸಿನಲ್ಲಿ ಜನ ಎದ್ದು ಸೀಟು ಕೊಟ್ಟರು ಅಂತ ಹೇಳುವಾಗ ಕಾಕುವಿನ ಮುಖ ಸಣ್ಣ ಹುಡುಗಿಯದಾಗುತ್ತಿತ್ತು.

ಇನ್ನು ನನ್ನ ಪಾಪದ ಮಾತು. ಬೈಲಹೊಂಗಲದಲ್ಲಿ ಅವಳಿಗೊಂದು ಸತ್ಕಾರ ಇಟ್ಟಿದ್ದರು. ನಾನು ಹೊಸ ಸೀರೆ ಉಟ್ಟು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಇಷ್ಟುದ್ದ ಮಾತು ಹೇಗೆ ನೆನಪಿಡುತ್ತೀರಿ ಅಂತ ಯಾರೋ ಕೇಳಿದರು. ಕಾಕು ಮೈಕು ಹಿಡಿದು ನಕ್ಕಳು.

"ಎರಡ ಸಲ ಓದಿದ್ರ ಸಾಕ್ರಿ, ತಲಿಯಾಗ ಕುಂತಬಿಡತಾವು."

ಚಪ್ಪಾಳೆಯೋ ಚಪ್ಪಾಳೆ. ನಾನು ಕೈ ತಟ್ಟಲಿಲ್ಲ. ಅವಳು ಬೇರೆ ಏನು ಹೇಳಲು ಸಾಧ್ಯವಿತ್ತು? ಗುಟ್ಟು ಇಟ್ಟುಕೋ ಅಂತ ನನ್ನ ಕೈ ಹಿಡಿದವಳು ಮೈಕಿನಲ್ಲಿ ಹೇಳಬೇಕಿತ್ತೇ? ಇದೆಲ್ಲ ಈಗ ತಿಳಿಯುತ್ತದೆ. ಆಗ ನನಗೆ ಒಂದೇ ಒಂದು ಮಾತು ಬೇಕಾಗಿತ್ತು, 'ನಮ್ಮ ಎದುರು ಮನೆಯ ಹುಡುಗಿ ಭಾಳ ಸಹಾಯ ಮಾಡತಾಳ' ಅಂತ, ಅಷ್ಟೇ. ಅದಕ್ಕೂ ಆಕೆಗೆ ಬಾಯಿ ಬರಲಿಲ್ಲವಲ್ಲ ಅಂತ ಮನೆಗೆ ಬಂದು ಸಿಟ್ಟಿನಿಂದ ಪಾತ್ರೆ ಕುಕ್ಕಿದೆ.

ಮಾರನೆಯ ದಿನ ಬೆಳಿಗ್ಗೆ ಹಾಳೆಯ ಫೋಟೋ ಬಂತು. ತೆರೆದು ನೋಡಿದೆ. ಓದಲಿಲ್ಲ. ಮದುವೆ ಸೀಜನ್ನು, ಬ್ಲೌಸು ಬಹಳ ಇದ್ದವು. ಇಂಥ ನೆವಗಳು ಕರೆಯದೆ ಬರುತ್ತವೆ. ಫೋನು ಬಡಿದುಕೊಳ್ಳತೊಡಗಿತು. ನಿಂತಿತು, ಮತ್ತೆ ಬಡಿದುಕೊಂಡಿತು. ಅದನ್ನು ಮಷಿನ್ನಿನ ಡ್ರಾವರಿನಲ್ಲಿಟ್ಟು ಮೇಲೆ ಬಟ್ಟೆಯ ಚೂರು ಹಾಕಿ, ಜೋರಾಗಿ ಮಷಿನ್ ತುಳಿದೆ. ಒಂದು ದಿನ ಗೊತ್ತಾಗಲಿ ನನ್ನ ಬೆಲೆ, ಅಂದುಕೊಂಡೆ. ದೇವರಾಣೆ, ಒಂದೇ ದಿನ ಅಂದುಕೊಂಡಿದ್ದೆ...

ಅವತ್ತು ಆದದ್ದನ್ನು ಮರುದಿನ ಅವಳೇ ಅಂಗಡಿಯ ಬೆಂಚಿನ ಮೇಲೆ ಕೂತು ಹೇಳಿದಳು. ಒಂದು ತಾಸು ಹಾಳೆ ಹಿಡಿದು ನಿಂತಳಂತೆ. ಡೈರೆಕ್ಟರು ಬಂದು "ಅಮ್ಮಾ, ಓದ್ಕೊಂಡ್ರಾ? ಶಾಟ್ ರೆಡಿ ಇದೆ" ಅಂದನಂತೆ. ಕ್ಯಾಮೆರಾದ ಎದುರು ಹಳೆಯ ನಾಟಕದ ಯಾವುದೋ ತಾಯಿಯ ಮಾತು ಹೇಳಿದಳಂತೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಹೋಗಲಿ, ಇದನ್ನು ನೋಡಿಕೊಂಡೇ ಓದಿ ಅಂತ ಅವನು ಹಾಳೆಯನ್ನು ಮುಖದೆದುರು ಹಿಡಿದ. ಐವತ್ತು ಜನರ ನಡುವೆ ಕಾಕು ಬಾಯಿ ಬಿಡದೆ ನಿಂತಳು. ಯಾರೋ ಹಿಂದಿನಿಂದ, ಅಯ್ಯೋ ಇವರಿಗೆ ಓದೋಕೇ ಬರಲ್ಲ, ಅಂದರಂತೆ. ಹೇಳಿ ಕಳಿಸ್ತೀವಿ ಅಂತ ಗಾಡಿ ಹತ್ತಿಸಿದರು.

ಇಷ್ಟು ಹೇಳಿ, ಹುಕ್ಕಿನ ಡಬ್ಬಿ ಹತ್ತಿರ ಎಳೆದುಕೊಂಡಳು.

"ನಿನ್ನ ಫೋನ್ ಕೆಟ್ಟಿತ್ತೇನ ತಂಗಿ?"

"ಹೂಂ ಕಾಕು. ಚಾರ್ಜ್ ಇರಲಿಲ್ಲ."

"ಹೌದೇನ," ಅಂದಳು. ವಾಟ್ಸಾಪಿನಲ್ಲಿ ಎರಡು ಗೀಟು ನೀಲಿಯಾದರೆ ನಾನು ನೋಡಿದ್ದೇನೆ ಅಂತ ಅವಳಿಗೆ ಕಲಿಸಿಕೊಟ್ಟವಳೂ ನಾನೇ. ಅದು ನನಗೆ ನೆನಪಾದದ್ದು ಅವಳು ಎದ್ದು ಹೋದ ಮೇಲೆ.

ಮುಂದೆ ನಾನು ಮಾಡದ ಪ್ರಯತ್ನವಿಲ್ಲ. ಮಗಳು ಅಂತ ಹೇಳಿಕೊಂಡು ಧಾರಾವಾಹಿಯ ಮ್ಯಾನೇಜರಿಗೆ ಫೋನ್ ಮಾಡಿದೆ, ಅಂಗಲಾಚಿದೆ. "ಕಥೆ ಬದಲಾಗಿದೆ ಮೇಡಂ" ಅಂದ. ಎರಡು ವಾರದ ನಂತರ ನಮ್ಮ ಮನೆಯ ಟಿವಿಯಲ್ಲಿ ಇಬ್ಬರೂ ಕೂಡಿಯೇ ನೋಡಿದೆವು. ವಾಡೆಯ ಗೋಡೆಯ ಮೇಲೆ ಅಜ್ಜಿಯ ಫೋಟೋ, ಅದಕ್ಕೆ ಹಾರ, ಕೆಳಗೆ ದೀಪ. ಕಾಕು ಬಹಳ ಹೊತ್ತು ನೋಡಿ, "ಹಾರ ಪ್ಲಾಸ್ಟಿಕ್ಕಿಂದು," ಅಂದಳು.

ಸುದ್ದಿ ಹಳ್ಳಿಗಳಿಗೂ ಮುಟ್ಟಿತು. ಮಾತು ಕೊಟ್ಟಿದ್ದ ಸವದತ್ತಿ ಕಡೆಯ ನಾಟಕದವರು ಬೇರೆಯವರನ್ನು ಗೊತ್ತುಮಾಡಿಕೊಂಡರು. ಕಾಕು ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದಳು. ತಾಲೀಮು ನಡೆದಿದ್ದ ಗುಡಿಯ ಕಟ್ಟೆಯ ಕೆಳಗೆ, ತನಗಿಂತ ಮೂವತ್ತು ವರ್ಷ ಚಿಕ್ಕವನಾದ ನಾಟಕದ ಮುಖಂಡನ ಎದುರು ಕೈ ಜೋಡಿಸಿ ನಿಂತಳು.

"ತಾಯಿ ಪಾತ್ರ ಬ್ಯಾಡಾದ್ರ ಆಳಿನ ಪಾತ್ರರೆ ಕೊಡ್ರಿ ಅಪ್ಪಾ. ಮಾತ ಇರದಿದ್ರೂ ನಡೀತೈತಿ. ಒಮ್ಮೆ ಬಣ್ಣ ಹಚ್ಚಸ್ರಿ ಸಾಕು."

ಅವನು ನೆಲ ನೋಡಿದ. ನಾನೂ ನೆಲವನ್ನೇ ನೋಡಿದೆ. ನನ್ನಿಂದ ಆದದ್ದು ಇದು ಅಂತ ಅಲ್ಲಿಯೇ ಚೀರಬೇಕು ಅನ್ನಿಸಿತು, ಆದರೆ ಅವಳ ಕೈ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ಬಸ್ಸಿನಲ್ಲಿ ತಿರುಗಿ ಬರುವಾಗ, ಅಕ್ಷರ ಕಲಿಸುತ್ತೇನೆ ಕಾಕು, ಒಂದು ತಿಂಗಳ ಮಾತು ಅಂದೆ. "ಕಲತು ಯಾರಿಗೆ ಓದಿ ತೋರಸಲಿ ತಂಗಿ?" ಅಂದಳು.

ಮುಂದಿನ ಬೇಸಿಗೆಗೆ ಕೋಣೆ ಖಾಲಿ ಮಾಡಿ ರಾಮದುರ್ಗದ ತಂಗಿಯ ಮನೆಗೆ ಹೋದಳು. ಟ್ರಂಕನ್ನು ಆಟೋಗೆ ಏರಿಸಿದವಳು ನಾನೇ. ಆಟೋ ತಿರುವು ದಾಟಿದಾಗ ನನಗೆ ದುಃಖಕ್ಕಿಂತ ಮೊದಲು ನಿರಾಳವಾಯಿತು, ಅದನ್ನೂ ಬರೆದುಬಿಡುತ್ತೇನೆ. ಇನ್ನು ದಿನಾ ಬೆಳಿಗ್ಗೆ ಬಾಗಿಲು ತೆರೆದರೆ ಆ ಮುಖ ಎದುರಿಗಿರುವುದಿಲ್ಲವಲ್ಲ ಅಂತ. ಇಂದು ಹೋಗಬೇಕು, ನಾಳೆ ಹೋಗಬೇಕು ಅನ್ನುತ್ತ ಮೂರು ವರ್ಷ ರಾಮದುರ್ಗದ ಬಸ್ಸು ಹತ್ತಲಿಲ್ಲ. ಆಮೇಲೆ ಒಂದು ದಿನ ಅವಳ ನಂಬರಿನಿಂದಲೇ ಫೋನು ಬಂತು. ಈ ಸಲ ಮೊದಲ ರಿಂಗಿಗೇ ಎತ್ತಿದೆ. ಆ ಕಡೆ ಇದ್ದವಳು ಅವಳ ತಂಗಿ. ಕಾಕು ಮಣ್ಣಾಗಿ ಐದು ದಿನವಾಗಿತ್ತು.

ಹೋದೆ. ತಂಗಿ ನನ್ನನ್ನು ಕೂರಿಸಿ ಚಹಾ ತಂದಿಟ್ಟಳು. ನಾನು ಎರಡು ಮಾತಾಡುವುದರೊಳಗೆ ಅವಳ ಮುಖ ಅರಳಿತು.

"ನೀವ ಏನ್ರಿ ಆ ಮಗಳು? ಧ್ವನಿ ಮ್ಯಾಲೆ ಗುರುತ ಹಿಡದೆ ನೋಡ್ರಿ. ದಿನಾ ನಿಮ್ಮ ಧ್ವನಿ ಹಚ್ಚಿಕೊಂಡು, ನೀವು ಓದೂದಕ್ಕ ತಾ ಉತ್ತರ ಹೇಳ್ತಿದ್ಲು. ಅಡಗಿ ಮಾಡುವಾಗೂ ಅದ, ಹಾಸಿಗಿ ಹಿಡದ ಮ್ಯಾಲೂ ಅದ."

ನಾನು ಕಪ್ಪು ಕೆಳಗಿಟ್ಟೆ. ಅವಳು ಫೋನು ತಂದು ತೋರಿಸಿದಳು. ಫೋಟೋದ ಕೆಳಗೆ ನನ್ನ ಧ್ವನಿ, ಮತ್ತೊಂದು ಫೋಟೋ, ಮತ್ತೆ ನನ್ನ ಧ್ವನಿ. ಎಲ್ಲಕ್ಕಿಂತ ಕೆಳಗೆ ಬರೀ ಒಂದು ಫೋಟೋ.

"ಇದನ್ನ ಯಾಕ ಓದಲಿಲ್ಲರಿ?" ಅಂತ ಸಹಜವಾಗಿಯೇ ಕೇಳಿದಳು.

ಚಾರ್ಜ್ ಇರಲಿಲ್ಲ ಅನ್ನಲು ಬಾಯಿ ತೆರೆದೆ. ಬರಲಿಲ್ಲ.

"ಅವತ್ತ ಬೇಕಂತ ಬಿಟ್ಟೆರಿ. ಸಿಟ್ಟಿತ್ತು."

ಅವಳು ನನ್ನನ್ನು ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಅವಳು ಫೋನನ್ನು ಸೆರಗಿನಿಂದ ಒರೆಸಿದಳು. "ಅಕ್ಕಾನೂ ಹಂಗ ಅಂತಿದ್ಲರಿ, ನನ್ನ ಮಗಳಿಗೆ ಅವತ್ತೊಂದಿನ ಸಿಟ್ಟ ಬಂದಿತ್ತು, ಅಂತ. ಚಾ ಆರತೈತಿ, ಕುಡೀರಿ."

ಕಾಕು ಇಲ್ಲ. ಎದುರಿನ ಕೋಣೆಯಲ್ಲಿ ಈಗ ಮೊಬೈಲ್ ರಿಪೇರಿಯ ಅಂಗಡಿ ಇದೆ. ನಾನು ಅವಳ ಅನ್ನ ಕಿತ್ತುಕೊಂಡೆ, ಬಣ್ಣ ಕಿತ್ತುಕೊಂಡೆ, ತಪ್ಪಾಯಿತು ಅನ್ನಲು ಮೂರು ವರ್ಷ ಇದ್ದರೂ ಅನ್ನಲಿಲ್ಲ. ಇವತ್ತು ಬೆಳಿಗ್ಗೆ ಮಗಳನ್ನು ಶಾಲೆಗೆ ಕಳಿಸಿ, ನನ್ನ ಫೋನಿನಲ್ಲೇ ಉಳಿದಿದ್ದ ಆ ಫೋಟೋ ತೆರೆದೆ, ಮೊದಲ ಸಲ ಗಟ್ಟಿಯಾಗಿ ಓದಿದೆ. ಹನ್ನೊಂದು ಸಾಲು. ಒಂದು ನಿಮಿಷವೂ ಹಿಡಿಯಲಿಲ್ಲ.