ವನಜಕ್ಕನಿಗೆಂದು ಇಟ್ಟ ಕಾರ್ಡು

ಇವತ್ತು ಬೆಳಿಗ್ಗೆ ರಿಪೇರಿಗೆ ಬಂದ ಕಂಪ್ಯೂಟರೊಂದನ್ನು ಬಿಚ್ಚಿ, ಅದರ ಗ್ರಾಫಿಕ್ಸ್ ಕಾರ್ಡಿನ ಫ್ಯಾನಿಗೆ ಬ್ರಷ್ ಹಾಕಿದೆ. ಕಾದು ಕರಿಗಟ್ಟಿದ ಧೂಳಿನ ವಾಸನೆ ಮೂಗಿಗೆ ಹೊಡೆಯಿತು. ಎರಡು ವರ್ಷದ ಹಿಂದೆ ಗೆಳೆಯ ಹಮೀದನ ಕೋಣೆಯಲ್ಲೂ ಇದೇ ವಾಸನೆಯಿತ್ತು.

ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ. 2017ರ ಕೊನೆಗೆ ಈ ಕಾರ್ಡುಗಳ ಬೆಲೆ ವಾರವಾರವೂ ಏರುತ್ತಿತ್ತು. ನಿಮಗೆ ಗೊತ್ತಿರಬಹುದು, ಇವು ಬೇಕಾಗುತ್ತಿದ್ದುದು ಕಂಪ್ಯೂಟರಿನಲ್ಲಿ ಆಟವಾಡುವವರಿಗೆ, ವೀಡಿಯೋ ಎಡಿಟ್ ಮಾಡುವವರಿಗೆ. ಆ ವರ್ಷ ಇನ್ನೊಬ್ಬ ಗಿರಾಕಿ ಹುಟ್ಟಿಕೊಂಡ: ಕೈಗೆ ಸಿಗದ, ಕಂಪ್ಯೂಟರಿನಲ್ಲಷ್ಟೇ ಇರುವ ಕ್ರಿಪ್ಟೋ ಹಣ, ಅಂದರೆ ಕಾಯಿನ್, ಗಳಿಸಲು ಹಗಲಿರುಳು ಯಂತ್ರ ಓಡಿಸುವವನು. ಅವನಿಗೆ ಒಂದು ಕಾರ್ಡು ಸಾಲದು, ಎಂಟು ಹತ್ತು ಬೇಕು. ಕಂಪನಿಗಳು ಅಷ್ಟು ಬೇಗ ತಯಾರಿಸಲಾರವು. ಇದನ್ನೆಲ್ಲ ಪ್ರೊಫೆಸರನ ಗತ್ತಿನಲ್ಲಿ ಊರಿಗೆ ವಿವರಿಸುತ್ತಿದ್ದವನು ನಾನು.

ನನ್ನಲ್ಲಿ ಉಳಿದಿದ್ದದ್ದು ಒಂದೇ ಕಾರ್ಡು. ಅದನ್ನು ವನಜಕ್ಕನಿಗೆಂದು ಮಾತು ಕೊಟ್ಟಿದ್ದೆ. ಅವರು ಮನೆಯಲ್ಲೇ ಕೂತು ಮದುವೆಯ ವೀಡಿಯೋ ಎಡಿಟ್ ಮಾಡುವವರು. ಅವರ ಕಾರ್ಡು ಸುಟ್ಟುಹೋಗಿತ್ತು. ಕೈಯಲ್ಲಿದ್ದ ವೀಡಿಯೋದ ಮದುಮಗ ಸೋಮವಾರ ಗಲ್ಫಿಗೆ ಹೊರಡುವುದರೊಳಗೆ ಕೆಲಸ ಮುಗಿಯಬೇಕಿತ್ತು. ಶುಕ್ರವಾರ ಬರುತ್ತೇನೆ ಎಂದಿದ್ದರು. ಗುರುವಾರ ನನ್ನ ಶಾಲೆಯ ಗೆಳೆಯ ಹಮೀದ್ ಬಂದು ಎರಡು ಪಟ್ಟು ಬೆಲೆ ಹೇಳಿದ. ಕೊಟ್ಟುಬಿಟ್ಟೆ.

ಮರುದಿನ ವನಜಕ್ಕನಿಗೆ, ಮಾಲು ಬಂದೇ ಇಲ್ಲ ಎಂದು ಸುಳ್ಳು ಹೇಳಿದೆ. ಅವರು ಕಪಾಟಿನ ಖಾಲಿ ಜಾಗ ನೋಡಿದರು.

"ಮೊನ್ನೆ ಅಲ್ಲಿ ಇತ್ತಲ್ಲ. ನನ್ನ ಹೆಸರು ಬರೆದು ಇಟ್ಟಿದ್ರಿ."

ಅಷ್ಟೇ. ಜಗಳವಾಡಿದ್ದರೆ ನಾನೂ ಒಂದೆರಡು ಮಾತು ಹುಡುಕಿಕೊಳ್ಳುತ್ತಿದ್ದೆ. ಅವರು ಮೆಟ್ಟಿಲಿಳಿದು ಹೋದರು.

ಶಟರ್ ಎಳೆದು ಹಮೀದನ ಮನೆಗೆ ಓಡಿದೆ. ಕೋಣೆಯೊಳಗೆ ಕಬ್ಬಿಣದ ಚೌಕಟ್ಟಿಗೆ ಎಂಟು ಕಾರ್ಡುಗಳನ್ನು ಬಿಗಿದಿದ್ದ. ಫ್ಯಾನುಗಳ ಮೊರೆತಕ್ಕೆ ನನ್ನ ಮಾತು ನನಗೇ ಕೇಳದು. ನಡೆದದ್ದನ್ನು ಕಿರುಚಿಯೇ ಹೇಳಬೇಕಾಯಿತು; ನಾಚಿಕೆಯ ವಿಷಯವನ್ನು ಕಿರುಚಿ ಹೇಳುವ ಕಷ್ಟ ಯಾರಿಗೂ ಬೇಡ. ಅವನು ಪರದೆಯನ್ನೇ ನೋಡುತ್ತ ನಿಂತ. ಕೊಡುವುದಿಲ್ಲ ಎನ್ನುತ್ತಾನೆ ಎಂದುಕೊಂಡೆ. ಕೊನೆಗೆ ಸ್ವಿಚ್ ಆರಿಸಿದ.

"ಅವರಿಗೆ ಇಟ್ಟದ್ದು ಅಂತ ನಿನ್ನೆಯೇ ಹೇಳ್ಬೇಕಿತ್ತಲ್ಲ ಮಾರಾಯ. ನಾನು ಮುಟ್ಟುತ್ತಲೂ ಇರ್ಲಿಲ್ಲ."

ಅವನು ಕೊಟ್ಟಿದ್ದ ದುಡ್ಡನ್ನು ಹಿಂದೆ ಕೊಟ್ಟೆ. ಅವನು ಸ್ಕ್ರೂ ಬಿಚ್ಚಿ ಕಾರ್ಡನ್ನು ನನ್ನ ಕೈಗಿತ್ತ. ಇನ್ನೂ ಬಿಸಿಯಿತ್ತು.

ವನಜಕ್ಕ ತಮ್ಮ ಮನೆಬಾಗಿಲಲ್ಲಿ ಅದನ್ನು ತೆಗೆದುಕೊಂಡು, ಮೊದಲು ಹೇಳಿದ್ದ ಬೆಲೆಯನ್ನು ಕೊಟ್ಟು ಒಳಗೆ ಹೋದರು. ವೀಡಿಯೋ ಸಮಯಕ್ಕೆ ಮುಗಿಯಿತೆಂದು ಬೇರೆಯವರಿಂದ ತಿಳಿಯಿತು. ನನ್ನ ಅಂಗಡಿಗೆ ಅವರು ಮತ್ತೆ ಬರಲಿಲ್ಲ.

ಮುಂದಿನ ವರ್ಷ ಕಾಯಿನ್ನಿನ ಬೆಲೆ ಕುಸಿಯಿತು. ಕರೆಂಟಿನ ಖರ್ಚೂ ಹುಟ್ಟದೆ ಎಲ್ಲರೂ ಕಾರ್ಡುಗಳನ್ನು ಮಾರಲು ಹೊರಟರು, ಹಮೀದನೂ. ಹಳೆಯವು ರಾಶಿ ಬಿದ್ದಾಗ ಹೊಸದರ ಬೆಲೆಯೂ ಇಳಿಯಿತು. ಇನ್ನೂ ಏರುತ್ತದೆಂದು ದುಬಾರಿಗೆ ತರಿಸಿದ ನಾಲ್ಕು ಕಾರ್ಡು ಈ ಪ್ರೊಫೆಸರನ ಕಪಾಟಿನಲ್ಲೇ ಕೂತವು.

ಇವತ್ತು ಮಧ್ಯಾಹ್ನ ಫೋನ್ ಬಂತು. ವನಜಕ್ಕ. ಕಾರ್ಡು ಉಂಟಾ ಎಂದು ಕೇಳಿದರು. ಉಂಟು ಎಂದೆ. ನಾಳೆ ಬಂದರೆ ಆದೀತಾ ಎಂದರು. ನಾನು ಆಗಲೇ ಕಪಾಟಿನಿಂದ ಒಂದು ಕಾರ್ಡನ್ನು ಕೆಳಗಿಳಿಸಿದ್ದೆ.

"ನೀವು ಬರುವುದು ಬೇಡ ಅಕ್ಕ. ಈಗಲೇ ತರ್ತೇನೆ."

ಬಸ್ಸು ಹೊರಟ ಮೇಲೆ ನೆನಪಾಯಿತು: ತೊಡೆಯ ಮೇಲಿದ್ದ ಕಾರ್ಡಿನ ಇವತ್ತಿನ ಬೆಲೆ ಎಷ್ಟೆಂದು ನಾನು ನೋಡಿಯೇ ಇರಲಿಲ್ಲ.