ಗೋಪುರದ ಗಡಿಯಾರ ಮತ್ತು ನನ್ನ ತಮ್ಮ ಅರ್ಮಾಂ

ಒಂದೇ ಒಂದು ದಿನ ಬಿಟ್ಟರೆ ನನ್ನ ತಮ್ಮ ಅರ್ಮಾಂ ತನ್ನ ಮೈಮೇಲೆ ಗಡಿಯಾರ ಇಟ್ಟುಕೊಂಡವನೇ ಅಲ್ಲ. ಗಡಿಯಾರ ಮಾಡುವವರ ಕಣಿವೆಯಲ್ಲೇ ಹುಟ್ಟಿದವನು ಹೀಗೇಕೆ ಅಂತ ಯಾರಾದರೂ ಕೇಳಿದರೆ, "ಅಡುಗೆಯವನು ಕೊರಳಿಗೆ ಸೌಟು ಕಟ್ಕೊಂಡು ಓಡಾಡ್ತಾನಾ?" ಅನ್ನುತ್ತಿದ್ದ. ಬಾಯಿಗೇನೂ ಕಡಿಮೆ ಇರಲಿಲ್ಲ ಪುಣ್ಯಾತ್ಮನಿಗೆ.

ಗಡಿಯಾರದ ನಡೆ ತಿದ್ದುವುದು ಅವನ ಕೆಲಸ. ಮಲಗಿಸಿ, ನಿಲ್ಲಿಸಿ, ಬೋರಲು ಹಾಕಿ, ಹೇಗಿಟ್ಟರೂ ಅದು ಒಂದೇ ಸಮ ನಡೆಯುವ ತನಕ ಬಿಡುತ್ತಿರಲಿಲ್ಲ. ಒಂದು ಸೆಕೆಂಡು ಆಚೀಚೆಯಾದರೂ ಊಟ ಸೇರುತ್ತಿರಲಿಲ್ಲ. ಆದರೆ ಆ ಊಟಕ್ಕೆ ಬರುವುದು ಮಾತ್ರ ಯಾವಾಗಲೂ ಕಾಲು ಗಂಟೆ ತಡ! ಅವನೊಬ್ಬನನ್ನೇ ಅಂದು ಏನು ಫಲ, ನಮ್ಮ ವೋ ಸೀಮೆಯ ರೂಢಿಯೇ ಅದು. ಏಳಕ್ಕೆ ಬನ್ನಿ ಅಂದರೆ ಏಳೂಕಾಲಿಗೆ ಹೋಗಬೇಕು. ಏಳಕ್ಕೇ ಹೋಗಿ ಬಾಗಿಲು ತಟ್ಟಿದರೆ ಮನೆಯೊಡತಿ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ಬಂದು ಬಾಗಿಲು ತೆಗೆದಾಳು, ಆದರೆ ಜೀವಮಾನವಿಡೀ ಕ್ಷಮಿಸಲಾರಳು.

ಇಲ್ಲಿ ಗಡಿಯಾರದ ಕಂಪನಿಗೆ ಕಂಪನಿ ಅನ್ನುವುದಿಲ್ಲ, ಮನೆ ಅನ್ನುತ್ತಾರೆ, ಗೋತ್ರ ಹೇಳಿಕೊಂಡ ಹಾಗೆ. ಅರ್ಮಾಂ ದುಡಿದ ಗ್ರಾಮೂರ್ ಮನೆಯದು ದೊಡ್ಡಪ್ಪನ ಗುಣ. ಅಪ್ಪಟ ಚಿನ್ನವಾದರೂ ಮಿನುಗಬಾರದು, ಅಂಗಿಯ ತೋಳಿನಡಿ ತೆಪ್ಪಗಿರಬೇಕು, ಕೊಂಡವನ ಮೊಮ್ಮಗನಿಗೂ ಬುದ್ಧಿ ಹೇಳಬೇಕು. ಸರೋವರದಾಚೆಯ ತ್ರೆಬೊಲಾ ಮನೆಯದು ಮದುವೆಗೆ ಬಂದ ಚಿಕ್ಕಮ್ಮನ ಗುಣ. ಚಂದ್ರ, ನಕ್ಷತ್ರ, ತಿಂಗಳು, ತಾರೀಖು, ಗಂಟೆಯ ನಾದ, ಎಲ್ಲವನ್ನೂ ಮೈಮೇಲೆ ಹೇರಿಕೊಂಡೇ ಹೊರಡಬೇಕು. ನಮ್ಮೂರ ಚರ್ಚಿನ ಗೋಪುರದ ಗಡಿಯಾರ ಮಾಡಿದ್ದು ತಮ್ಮ ಮುತ್ತಜ್ಜನೇ ಅಂತ ಎರಡೂ ಮನೆಯವರು ಜಗಳಾಡುತ್ತಿದ್ದರು. ಅದು ಕೆಟ್ಟು ಹಿಂದೆ ಬೀಳತೊಡಗಿದ ಮೇಲೆ, "ನಿಮ್ಮಜ್ಜ ಮಾಡಿದ್ದಲ್ವಾ, ನೀವೇ ರಿಪೇರಿ ಮಾಡಿ" ಅಂತ ಒಬ್ಬರಿಗೊಬ್ಬರು ಬಿಟ್ಟುಕೊಡತೊಡಗಿದರು. ಹೀಗಾಗಿ ಜಗತ್ತಿಗೆಲ್ಲ ಹೊತ್ತು ಹೇಳುವ ಊರಿನ ಗಡಿಯಾರ ನಮ್ಮಜ್ಜಿಯ ಕಾಲದಿಂದಲೂ ತಪ್ಪು. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ.

ಇಂಥ ಊರಿನ ಇಂಥ ಅರ್ಮಾಂ ಹೋಗಿ ಹೋಗಿ ಬರ್ನ್ ಕಡೆಯ ಹುಡುಗಿಯನ್ನು ಮೆಚ್ಚಿದ. ರೋಸ್ಲಿ ಎಗ್ಗರ್ ಅಂತ, ಸ್ಟೇಷನ್ ಮಾಸ್ತರನ ಮಗಳು. ಆ ಮನೆಯಲ್ಲಿ ಆಲೂಗಡ್ಡೆಯೂ ಹೇಳಿದ ಹೊತ್ತಿಗೇ ಬೇಯುತ್ತಿತ್ತು. ಪಾಪ, ಅವಳು ಇವನಿಗಾಗಿ ಎಲ್ಲೆಲ್ಲೋ ನಿಂತು ಕಾದಳು. ರೈಲು ನಿಲ್ದಾಣದಲ್ಲಿ, ಹೆಪ್ಪುಗಟ್ಟಿದ ಸರೋವರದ ಮೇಲೆ, ನನ್ನ ಕೆಫೆಯ ಬಾಗಿಲಲ್ಲಿ. ಮದುವೆಗೆ ಒಂದು ವಾರವಿದೆ ಅನ್ನುವಾಗ ನನ್ನೆದುರಿಗೇ ಹೇಳಿದಳು.

"ನೋಡು ಅರ್ಮಾಂ, ಹನ್ನೊಂದು ಅಂದ್ರೆ ಹನ್ನೊಂದು. ಅವತ್ತೂ ತಡ ಮಾಡಿದ್ರೆ ನಾನು ಕಾಯಲ್ಲ. ಮುಂದಿನ ರೈಲಿಗೇ ವಾಪಸ್ ಹೋಗ್ತೀನಿ."

ಅವಳು ಅತ್ತ ಹೋದದ್ದೇ ತಡ, ಇವನ ಮುಖ ಬಿಳುಚಿತು. "ಅಕ್ಕಾ, ನಿಜವಾಗ್ಲೂ ಹೋಗ್ಬಿಡ್ತಾಳಾ?"

"ಸ್ಟೇಷನ್ ಮಾಸ್ತರನ ಮಗಳು ಕಣೋ, ರೈಲು ಹತ್ತೋದು ಅವಳಿಗೆ ಹೇಳಿಕೊಡ್ಬೇಕಾ?"

ಮದುವೆಯ ಬೆಳಿಗ್ಗೆ ನಮ್ಮಪ್ಪನ ಜೇಬುಗಡಿಯಾರ ಇಸಿದುಕೊಂಡು ಹೋದ. ಮುಂದಿನದು ಅವನೇ ಹೇಳಿದ್ದು. ಹತ್ತೂವರೆಗೇ ಚರ್ಚು ಸೇರಿದನಂತೆ. ಒಂದು ನರಪಿಳ್ಳೆ ಇಲ್ಲ. ಇರುವುದಾದರೂ ಹೇಗೆ? ಹನ್ನೊಂದೆಂದು ಕರೆದರೆ ನಾವೆಲ್ಲ ಹನ್ನೊಂದೂಕಾಲಿಗೆ ತಾನೆ ಬರುವವರು? ಪಾದ್ರಿಯೂ ನಮ್ಮೂರವನೇ. ಹೊರಗೆ ಸುಮ್ಮನೆ ಕೂತ ಅರ್ಮಾಂನ ಕಣ್ಣು ಗೋಪುರದ ಗಡಿಯಾರದ ಮೇಲೆ ಬಿತ್ತು. ಬಿದ್ದ ಮೇಲೆ ಕೈ ಸುಮ್ಮನಿರುತ್ತದೆಯೇ? ಕೋಟು ಬಿಚ್ಚಿಟ್ಟು ಮೆಟ್ಟಿಲು ಹತ್ತಿದ. ತುಕ್ಕು ಕೆರೆದ, ಎಣ್ಣೆ ಬಿಟ್ಟ, ಅಪ್ಪನ ಗಡಿಯಾರ ನೋಡಿ ಮುಳ್ಳು ಸರಿಪಡಿಸಿದ. ಕಿವಿಯ ಪಕ್ಕದಲ್ಲೇ ಢಣ್ ಅಂತ ಹನ್ನೊಂದು ಹೊಡೆದಾಗಲೇ ಎಚ್ಚರ! ದಡದಡ ಇಳಿದು ನೋಡಿದರೆ ಚರ್ಚು ಖಾಲಿ. ಅಯ್ಯೋ, ನಾನು ಮೇಲಿದ್ದಾಗ ರೋಸ್ಲಿ ಬಂದು ನೋಡಿ ಹೊರಟೇಹೋದಳು ಅಂದುಕೊಂಡ. ಅಷ್ಟರಲ್ಲಿ ರೈಲಿನ ಸಿಳ್ಳೆ. ಅಂಗಿಯಲ್ಲೇ ಓಡಿಹೋಗಿ, ಹೊರಟಿದ್ದ ರೈಲನ್ನು ಹತ್ತಿಬಿಟ್ಟ.

ಇತ್ತ ನಾವೆಲ್ಲ ನಮ್ಮ ಹೊತ್ತಿಗೆ ಬಂದೆವು. ಸರಿಯಾಗಿ ಹನ್ನೊಂದೂಕಾಲಿಗೆ ಬಿಳಿ ಬಟ್ಟೆ ತೊಟ್ಟ ರೋಸ್ಲಿಯೂ ಬಂದಳು. ಹಿಂದೆ ಅವಳಪ್ಪ, ಮುಖ ಕೆಂಪಾಗಿಸಿಕೊಂಡು.

"ಹಿಂದಿನ ಬೀದಿ ಬೇಕರೀಲಿ ಬೇಕಂತಲೇ ಕೂತಿದ್ವಿ ಅಕ್ಕಾ," ಅಂದಳು ನನ್ನ ಕಿವಿಯಲ್ಲಿ. "ಈ ಊರಿನ ಸೊಸೆ ಆಗೋಳು, ಇಲ್ಲಿನ ಮರ್ಯಾದೆ ಕಲೀಬೇಕಲ್ಲ. ಎಲ್ಲಿ ಅವನು?"

ಕಾಲು ಗಂಟೆ ಕಾದರೂ ಅವನ ಸುಳಿವಿಲ್ಲ. ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವಳ ಕಣ್ಣು ತುಂಬತೊಡಗಿತು. ಅವಳಪ್ಪ ತನ್ನ ಗಡಿಯಾರ ತೆಗೆದರು. "ಮುಂದಿನ ರೈಲಿಗೆ ಹೊತ್ತಾಯ್ತು. ನಡಿ ಮಗಳೇ."

ಆಗಲೇ ಗೋಪುರದ ಗಂಟೆ ಹನ್ನೊಂದೂವರೆ ಹೊಡೆಯಿತು. ಅವರು ತಮ್ಮ ಗಡಿಯಾರ ನೋಡಿದರು, ತಲೆಯೆತ್ತಿ ಗೋಪುರದ ಕಡೆ ನೋಡಿದರು. "ಅರೆ, ಸೆಕೆಂಡಿಗೆ ಸರಿಯಾಗಿ ಹೊಡೀತಲ್ಲ ಇದು!"

"ಏನಂದ್ರಿ?" ಅಂತ ಕಿರುಚಿದವಳೇ ಗೋಪುರದ ಬಾಗಿಲಿಗೆ ಓಡಿದೆ. ಮೊಳೆಯಲ್ಲಿ ಮದುವೆಯ ಕೋಟು ನೇತಾಡುತ್ತಿತ್ತು. "ಬಂದಿದ್ದ ಕಣೇ ರೋಸ್ಲಿ! ನಮಗೆಲ್ಲರಿಗಿಂತ ಮೊದ್ಲೇ ಬಂದಿದ್ದ! ಈ ಗಡಿಯಾರ ಸರಿಮಾಡೋ ಹುಚ್ಚ ಊರಲ್ಲಿ ಅವನೊಬ್ಬನೇ!"

ರೋಸ್ಲಿ ಕೋಟನ್ನು ತಗೊಂಡು ಮುಂದಿನ ಬೆಂಚಿನಲ್ಲಿ ಕೂತಳು. "ಅಪ್ಪಾ, ಕೂತ್ಕೋ. ಕಾಯೋಣ, ಬರ್ತಾನೆ." ಹುಟ್ಟಿದಾಗಿನಿಂದ ಯಾರಿಗೂ ಕಾಯದ ಮನುಷ್ಯ ತೆಪ್ಪಗೆ ಕೂತರು.

ಮಧ್ಯಾಹ್ನದ ಹೊತ್ತಿಗೆ, ರೈಲಿನಲ್ಲಿ ಅವಳನ್ನು ಕಾಣದೆ ಹಿಂದಿರುಗಿದ ಅರ್ಮಾಂ ಚೀಸ್ ಸಾಗಿಸುವ ವ್ಯಾನಿನಿಂದ ಧುಮುಕಿದ. ಮೈಯೆಲ್ಲ ಎಣ್ಣೆ, ಮೇಲೆ ಚೀಸಿನ ನಾತ.

"ಎಲ್ಲಿಗೆ ಹೋಗಿದ್ಯೋ?" ಅಂದಳು ರೋಸ್ಲಿ.

"ನಿನ್ನ ಹಿಂದೇನೇ! ಹನ್ನೊಂದು ಅಂದ್ರೆ ಹನ್ನೊಂದು ಅಂದೋಳು ನೀನ್ಯಾಕೆ ತಡ ಮಾಡ್ದೆ?"

ಚರ್ಚಿನಲ್ಲಿ ಅಷ್ಟು ನಗು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಪಾದ್ರಿಗೆ ಮಂತ್ರವೇ ಮರೆತುಹೋಯಿತು.

ಮಾರನೆಯ ದಿನ ಅಪ್ಪನ ಗಡಿಯಾರ ಪೆಟ್ಟಿಗೆ ಸೇರಿತು, ಅರ್ಮಾಂ ತನ್ನ ಕಾಲು ಗಂಟೆಗೆ ಮರಳಿದ. ಗೋಪುರದ ಗಡಿಯಾರ ಮಾಡಿದ್ದು ತಮ್ಮ ಮುತ್ತಜ್ಜನೇ ಅಂತ ಎರಡೂ ಮನೆಯವರು ಮತ್ತೆ ಜಗಳ ಶುರುಮಾಡಿದರು. ರೋಸ್ಲಿ ಬದುಕೆಲ್ಲ ಬೈದಳು, ಬದುಕೆಲ್ಲ ಅವನ ತಟ್ಟೆಯನ್ನು ಒಲೆಯ ಪಕ್ಕ ಬಿಸಿಯಾಗಿಟ್ಟಳು.

ಹೋದ ವರ್ಷ ಅರ್ಮಾಂ ತೀರಿಕೊಂಡ. ನನಗಿಂತ ಚಿಕ್ಕವನು. ಅದೊಂದಕ್ಕೆ ಮಾತ್ರ ಅವಸರ ಮಾಡಿದ, ಮುಂಡೇದು. ಎರಡು ಗಂಟೆಗೆ ಪ್ರಾರ್ಥನೆ ಅಂತ ನಿಗದಿಯಾಗಿತ್ತು. ರೋಸ್ಲಿಯ ಮುಖ ನೋಡಿ ಊರಿಗೆ ಊರೇ ಎರಡಕ್ಕೇ ಬಂದು ಕೂತಿತು, ಪಾದ್ರಿಯೂ ಸೇರಿ. ಗೋಪುರದ ಗಂಟೆ ಹೊಡೆಯಿತು. ಶವದ ಗಾಡಿಯೇ ಬರಲಿಲ್ಲ. ಅವತ್ತೇ ಬೇಸಿಗೆಯೆಲ್ಲ ಬೆಟ್ಟದಲ್ಲಿ ಮೇಯ್ದ ದನಗಳು ಹಿಂಡಾಗಿ ಊರಿಗಿಳಿಯುವ ದಿನ, ಗಾಡಿ ಅವುಗಳ ಹಿಂದೆ ಸಿಕ್ಕಿಕೊಂಡಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಳುವೋ ನಗುವೋ ತಿಳಿಯದೆ ನಾನು ಏಳಹೊರಟೆ.

ರೋಸ್ಲಿ ನನ್ನ ಶಾಲಿನಂಚು ಹಿಡಿದು ಕೂರಿಸಿದಳು. "ಕಾಯೋಣ ಅಕ್ಕಾ," ಅಂದಳು. "ಬರ್ತಾನೆ."