ಸ್ಟ್ಯಾಂಡಿನಲ್ಲಿ ಜಾಗ ಇಲ್ಲ

ಹೆಗಡೆಕಟ್ಟಾ ಕಡೆಯ ಒಂದು ಊರಿನಲ್ಲಿ ನಾನು ಹೆಂಗಸರಿಗೆ ಓದು, ಹೊಲಿಗೆ ಕಲಿಸುತ್ತಿದ್ದೆ. ಶಿರಸಿಯ ಒಂದು ಸಂಸ್ಥೆ ನಡೆಸುತ್ತಿದ್ದ ತರಗತಿ ಅದು. ಮಧ್ಯಾಹ್ನ ಅಂಗನವಾಡಿಯ ಮಕ್ಕಳು ಮನೆಗೆ ಹೋದಮೇಲೆ ಅದೇ ಕೋಣೆಯಲ್ಲಿ ಕೂರುತ್ತಿದ್ದೆವು. ಮಕ್ಕಳನ್ನು ಹೆತ್ತು ಬೆಳೆಸಿದ ಹೆಂಗಸರು ಗೋಡೆಯ ಅಳಿಲು, ಆನೆಗಳ ಚಿತ್ರದ ಕೆಳಗೆ ಕುಳಿತು ಅಕ್ಷರ ತಿದ್ದುತ್ತಿದ್ದರು.

ಅವರಲ್ಲಿ ಕೂಲಿಗೆ ಹೋಗುವ ಒಬ್ಬಳಿಗೆ ಹೊಲಿಗೆ ಒಗ್ಗಲೇ ಇಲ್ಲ. ಅವಳು ಬಂದ ದಿನವೇ ಕೇಳಿದ್ದು ಬೇರೆ. “ಅಕ್ಕೋರೇ, ನಂಗೆ ಮೊದ್ಲು ಬಸ್ಸಿನ ಬೋರ್ಡು ಓದೂಕೆ ಕಲ್ಸಿ.”

ಯಲ್ಲಾಪುರದ ಹತ್ತಿರ ಅವಳ ತವರು. ತಾಯಿಗೆ ಕಾಯಿಲೆ ಜೋರಾಗಿದೆಯೆಂದು ಸುದ್ದಿ ಬಂದಾಗ ಶಿರಸಿಯಲ್ಲಿ ಯಾರೋ ತೋರಿಸಿದ ಬಸ್ಸು ಹತ್ತಿದ್ದಳು. ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ಇವಳ ಬಳಿ ಬರುವಷ್ಟರಲ್ಲಿ ಅದು ಸಿದ್ದಾಪುರದ ದಾರಿಯಲ್ಲಿ ಬಹಳ ದೂರ ಹೋಗಿತ್ತು. ಇಳಿದು, ಕಾದು, ತಿರುಗಿ ತವರು ಮುಟ್ಟಿದಾಗ ತಾಯಿಯನ್ನು ಸುಟ್ಟು ಬಂದ ಗಂಡಸರು ಸ್ನಾನ ಮಾಡುತ್ತಿದ್ದರು.

ಹಟ ಹಿಡಿದು ಓದಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಅಂಗಡಿಯ ಫಲಕ, ಗೊಬ್ಬರದ ಚೀಲ, ಏನು ಸಿಕ್ಕರೂ ಗಟ್ಟಿಯಾಗಿ ಓದುತ್ತಿದ್ದಳು. ಅದೇ ಹೊತ್ತಿಗೆ ಸಂಸ್ಥೆಯವರು ಹೆಂಗಸರಿಗೆ ಆಟೋ ಓಡಿಸಲು ಕಲಿಸುತ್ತೇವೆ, ಚೆನ್ನಾಗಿ ಕಲಿತವರಿಗೆ ಗಾಡಿಯನ್ನೂ ಕೊಡಿಸುತ್ತೇವೆ ಎಂದರು. ತರಗತಿಯಲ್ಲಿ ಉಳಿದವರೆಲ್ಲ ನಕ್ಕರು. ಇವಳು ಎದ್ದು ನಿಂತಳು.

ಗಾಡಿ ಸಿಗುತ್ತದೆಂದು ಗಂಡನೂ ಒಪ್ಪಿದ. ಅವಳು ಕಲಿತಳು, ಲೈಸೆನ್ಸ್ ಪರೀಕ್ಷೆಯ ಪ್ರಶ್ನೆಗಳನ್ನು ತಾನೇ ಓದಿ ಉತ್ತರಿಸಿ ಪಾಸಾದಳು. ಸಂಸ್ಥೆಯವರು ಹಾರ ಹಾಕಿ, ಅತಿಥಿಗಳ ಕೈಯಿಂದ ಬೀಗದ ಕೈ ಕೊಡಿಸಿ ಫೋಟೋ ತೆಗೆದರು. ಆ ದಿನ ನನ್ನನ್ನು ಹಿಂದೆ ಕೂರಿಸಿಕೊಂಡು ಶಿರಸಿ ಪೇಟೆ ಸುತ್ತಿಸಿದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಮತ್ತೆ ಕಾಣಲಿಲ್ಲ.

ಮಾರನೆಯ ದಿನ ಪೇಟೆಯ ಆಟೋ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಲು ಹೋದಾಗ ಒಬ್ಬ ಅಡ್ಡ ಬಂದ. “ಅಕ್ಕಾ, ಇಲ್ಲಿ ಜಾಗ ಇಲ್ಲ. ಮನೇಲಿ ಗಂಡಸ್ರು ಇಲ್ವಾ ನಿಮ್ಗೆ?”

ಅವಳು ರಸ್ತೆ ಬದಿಯಲ್ಲಿ ನಿಂತಳು. ಅಲ್ಲಿಂದಲೂ ಎಬ್ಬಿಸಿದರು. ಒಮ್ಮೆ ಚಹಾ ಕುಡಿದು ಬರುವಷ್ಟರಲ್ಲಿ ಚಕ್ರದ ಗಾಳಿ ತೆಗೆದಿದ್ದರು. ಗಂಡಸರ ಮಾತು ಹಾಗಿರಲಿ, ನನ್ನ ಸೋದರತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ನಾನೇ ಇವಳನ್ನು ಕರೆಸಿದ್ದೆ. ಅತ್ತೆ ಗಾಡಿಯ ಹತ್ತಿರ ಬಂದು ನಿಂತುಬಿಟ್ಟರು. “ಹೆಂಗಸ್ರು ಬಿಡೋ ಗಾಡಿಗೆ ಆನು ಬತ್ನಿಲ್ಲೆ. ಬೇರೆ ಆಟೋ ಇಲ್ಯ?” ಅವಳ ಕಿವಿಗೆ ಬೀಳುವಂತೆಯೇ ಹೇಳಿದರು. ಅವಳು ಗಾಡಿ ತಿರುಗಿಸಿದಳು.

ನಾನು ಸಂಸ್ಥೆಯ ಮುಖ್ಯಸ್ಥರ ಬಳಿ ಹೋದೆ. ಸ್ಟ್ಯಾಂಡಿನವರ ಹತ್ತಿರ ಒಂದು ಮಾತು ಆಡಿ ಎಂದು ಕೇಳಿಕೊಂಡೆ.

“ನಮ್ಮ ತರಬೇತಿ ಮುಗೀತಲ್ಲ ಮೇಡಂ,” ಎಂದರು ಅವರು. “ಇನ್ನು ಅವರ ಸಾಮರ್ಥ್ಯ.”

ಯುಗಾದಿಯ ಹೊತ್ತಿಗೆ ಗಂಡ ಆ ಗಾಡಿಯನ್ನು ತನ್ನ ತಮ್ಮನಿಗೆ ಕೊಟ್ಟ. ತಮ್ಮ ಅದನ್ನು ಅದೇ ಸ್ಟ್ಯಾಂಡಿಗೆ ಒಯ್ದ. ಯಾರೂ ಜಾಗ ಇಲ್ಲವೆನ್ನಲಿಲ್ಲ. ಗಾಡಿಯ ಹಿಂದೆ ಸಂಸ್ಥೆಯವರು ಬರೆಸಿದ್ದ ‘ಮಹಿಳಾ ಸ್ವಾವಲಂಬನೆ’ ಎಂಬ ಅಕ್ಷರಗಳ ಮೇಲೆ ಯಾವುದೋ ನಟನ ಚಿತ್ರ ಅಂಟಿಸಿದ್ದ.

ಮುಂದಿನ ವರ್ಷ ಹೊಸ ತಂಡದ ಉದ್ಘಾಟನೆಗೆ ಅವಳನ್ನು ಕರೆತರಬೇಕೆಂದು ಸಂಸ್ಥೆಯವರು ನನಗೇ ಹೇಳಿದರು. ಯಶಸ್ಸಿನ ಕತೆ ಹೇಳಿಸಬೇಕಂತೆ. ಅವಳನ್ನು ಕರೆಯಲು ನಾಚಿಕೆಯಾಯಿತು, ಆದರೂ ಹೋದೆ. ಅವಳು ಯಾರದೋ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದಳು.

“ಬರ್ತೆ ಅಕ್ಕೋರೇ,” ಅಂದಳು, ಕೈ ನಿಲ್ಲಿಸದೆ. “ಆದ್ರೆ ಆ ಗಾಡಿ ನಾನೇ ಹೊಡ್ಕಂಡು ಬರೂದು. ಮೈದ್ನನ ಹತ್ರ ಸಂಸ್ಥೆಯವ್ರೇ ಕೇಳಿ ಕೊಡ್ಸಲಿ.”

ಹಾಗೆಯೇ ಹೋಗಿ ಹೇಳಿದೆ. ಮುಖ್ಯಸ್ಥರು ಮನೆಯೊಳಗಿನ ವಿಷಯಕ್ಕೆ ನಾವು ಕೈ ಹಾಕುವುದಿಲ್ಲ ಎಂದರು. ಅವಳ ಬದಲು ಟೈಲರಿಂಗ್ ಕಲಿತ ಬೇರೊಬ್ಬಳನ್ನು ವೇದಿಕೆಗೆ ಹತ್ತಿಸಿದರು. ಸಂಸ್ಥೆಯವರು ಬರೆದುಕೊಟ್ಟದ್ದನ್ನು ಆಕೆ ತಡವರಿಸುತ್ತ ಓದಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವಾಗತ ಭಾಷಣ ನನ್ನದಾಗಿತ್ತು. ಮಾಡಿ ಇಳಿದೆ.